ಅಂಗಡಿಯವನು ವಯಸ್ಸು ಕೇಳಿದರೆ

ಮದ್ಯದಂಗಡಿಯವನು ನಿಮ್ಮ ಮಗನಿಗೆ ಗುರುತಿನ ಚೀಟಿಯನ್ನು ತೋರಿಸೆಂದರೆ ಅದನ್ನು ಅವಮಾನವೆಂದು ಭಾವಿಸಬೇಡಿರಿ. ನಮ್ಮ ರಾಜ್ಯದ ಪರವಾನಗಿ ನಿಯಮಗಳಂತೆ 21 ವರ್ಷ ತುಂಬದವರಿಗೆ ಮದ್ಯವನ್ನು ಮಾರಕೂಡದು. ಈ ಮಿತಿಯನ್ನು 18ಕ್ಕೆ ಇಳಿಸುವ ಸಲಹೆಯೊಂದು 2023ರಲ್ಲಿ ಬಂದಿತ್ತಾದರೂ, ಆಕ್ಷೇಪಣೆಗಳು ಬಂದುದರಿಂದ ಅದನ್ನು ಕೈಬಿಡಲಾಯಿತು.

ಮುಖವನ್ನು ನೋಡಿ ವಯಸ್ಸನ್ನು ಹೇಳಲಾಗದೇ ಎಂದು ನೀವು ಕೇಳಬಹುದು. ಹದಿನಾರರ ಹುಡುಗನಿಗೆ ದಟ್ಟ ಮೀಸೆ ಬಂದಿರುವುದುಂಟು; ಇಪ್ಪತ್ತೆರಡರವನು ಬಾಲಕನಂತೆ ಕಾಣುವುದೂ ಉಂಟು. ವೈದ್ಯರಾದ ನಾವು ಹಲ್ಲುಗಳನ್ನು ಪರೀಕ್ಷಿಸಿ, ಮಣಿಕಟ್ಟು ಮೊಣಕೈಗಳ ಎಕ್ಸ್‌-ರೇ ತೆಗೆಸಿದರೂ ಒಂದೆರಡು ವರ್ಷಗಳ ಹೆಚ್ಚುಕಡಿಮೆ ಉಳಿದೇ ಉಳಿಯುತ್ತದೆ. ಆದುದರಿಂದ ಹುಟ್ಟಿದ ದಿನಾಂಕವುಳ್ಳ ಚೀಟಿಯನ್ನು ನೋಡುವುದೇ ಸರಿ.

ಎಳೆಯ ದೇಹಕ್ಕೆ ಮದ್ಯದಿಂದಾಗುವ ಹಾನಿ ಹೆಚ್ಚು. ತೂಕ ಕಡಿಮೆಯಿರುವುದರಿಂದ ಅಷ್ಟೇ ಪ್ರಮಾಣದ ಮದ್ಯವು ರಕ್ತದಲ್ಲಿ ಹೆಚ್ಚು ಸೇರುತ್ತದೆ. ಚಿಕ್ಕ ಮಕ್ಕಳಲ್ಲಿ ರಕ್ತದ ಸಕ್ಕರೆಯ ಅಂಶ ತೀರ ಇಳಿದು ಪ್ರಜ್ಞೆ ತಪ್ಪಬಹುದು, ಫಿಟ್ಸ್ ಬರಬಹುದು. ಮಿದುಳಿನ ಬೆಳವಣಿಗೆಯಂತೂ ಇಪ್ಪತ್ತು ದಾಟಿದ ಮೇಲೂ ಕೆಲವು ವರ್ಷ ನಡೆದೇ ಇರುತ್ತದೆ. ಶೀತವಾಯಿತೆಂದು ಮಗುವಿಗೆ ಬ್ರಾಂಡಿ ಕುಡಿಸುವವರನ್ನು ನಾನು ಇಂದಿಗೂ ಕಾಣುತ್ತಿದ್ದೇನೆ. ಅದು ಔಷಧವಲ್ಲ.

ಆದರೆ ಹಳ್ಳಿಯಲ್ಲಿ ನಡೆಯುವುದೇ ಬೇರೆ. ಅಲ್ಲಿ ಅಂಗಡಿಯವನು ಚೀಟಿಯನ್ನು ಕೇಳುವುದಿಲ್ಲ. ಹುಡುಗ ಯಾರ ಮಗನೆಂಬುದು ಅವನಿಗೆ ಗೊತ್ತು. "ಅಪ್ಪ ತರಲು ಹೇಳಿದರು" ಎಂಬ ಒಂದು ಮಾತು ಸಾಕು, ಬಾಟಲಿ ಕೈಸೇರುತ್ತದೆ. ಹೀಗೆ ಐದಾರು ಸಲ ತಂದುಕೊಟ್ಟ ಹುಡುಗ ಏಳನೆಯ ಸಲ ತನಗಾಗಿಯೇ ಕೇಳಿದರೆ ಅಂಗಡಿಯವನಿಗೆ ಭೇದ ತಿಳಿಯುವುದಾದರೂ ಹೇಗೆ?

ತಂದೆಯರು ಇದನ್ನು ಗಮನಿಸಬೇಕು. 2015ರ ಬಾಲನ್ಯಾಯ ಕಾಯಿದೆಯ 77ನೆಯ ಕಲಮಿನಂತೆ 18 ವರ್ಷ ತುಂಬದವರಿಗೆ ಮದ್ಯವನ್ನು ಕೊಡುವುದು ಅಪರಾಧ. 78ನೆಯ ಕಲಮಿನಂತೆ ಅವರ ಕೈಯಲ್ಲಿ ಮದ್ಯವನ್ನು ಸಾಗಿಸುವುದೂ ಅಪರಾಧ. ಎರಡಕ್ಕೂ ಏಳು ವರ್ಷಗಳವರೆಗೆ ಕಠಿಣ ಸಜೆ ಮತ್ತು ಒಂದು ಲಕ್ಷ ರೂಪಾಯಿಗಳವರೆಗೆ ದಂಡವಿದೆ. ಹೆತ್ತವರೆಂಬ ಕಾರಣಕ್ಕೆ ವಿನಾಯಿತಿಯಿಲ್ಲ. ಕುಡಿಯಲೇಬೇಕೆನ್ನುವವರು ತಾವೇ ಅಂಗಡಿಗೆ ಹೋಗಲಿ.

ತಾಯಂದಿರೇ, "ಯಾರ ಹೆಸರನ್ನು ಹೇಳಿಕೊಂಡು ಬಂದರೂ ನಮ್ಮ ಮಗನಿಗೆ ಕೊಡಬೇಡಿರಿ" ಎಂದು ಅಂಗಡಿಯವನಿಗೆ ಮೊದಲೇ ತಿಳಿಸಿಡಿರಿ. ಅವನು ಕೇಳದಿದ್ದರೆ ಅಬಕಾರಿ ಇಲಾಖೆಗೆ ದೂರು ಕೊಡಿರಿ. ಮಕ್ಕಳ ಸಹಾಯವಾಣಿ 1098ಕ್ಕೂ ಕರೆ ಮಾಡಬಹುದು.