ಪ್ರಬಂಧದ ಕಡತ ಮತ್ತು ನಮ್ಮ ಅಕ್ಷರ

ವಿಶ್ವವಿದ್ಯಾಲಯ ಸೇರಿದ ನಮ್ಮ ಗಡಿನಾಡಿನ ಮಕ್ಕಳಿಗೂ ಅವರ ಅಧ್ಯಾಪಕರಿಗೂ ಹಲವೆಡೆ ಸಂಸ್ಥೆಯ ಇ-ಮೇಲ್ ವಿಳಾಸದ ಮೂಲಕ ಮೈಕ್ರೋಸಾಫ್ಟ್ ವರ್ಡ್ ಉಚಿತವಾಗಿ ದೊರೆಯುತ್ತದೆ. ವ್ಯಾಸಂಗ ಮುಗಿದು ವಿಳಾಸ ರದ್ದಾದೊಡನೆ ಆ ಸೌಲಭ್ಯವೂ ನಿಲ್ಲುತ್ತದೆ. 2010ರಲ್ಲಿ ಆರಂಭವಾದ ಲಿಬ್ರೆ ಆಫೀಸಿಗೆ ಇಂತಹ ಗಡುವಿಲ್ಲ. ಅದು ಸರ್ವರಿಗೂ ಉಚಿತ.

ಆದರೆ ಕನ್ನಡ ಪ್ರಬಂಧಕ್ಕೆ ಇನ್ನೊಂದು ತೊಡಕುಂಟು. ನುಡಿ, ಬರಹಗಳ ಹಳೆಯ ಅಕ್ಷರಶೈಲಿಯಲ್ಲಿ ಬೆರಳಚ್ಚು ಮಾಡಿದ ಕಡತವು, ಆ ಶೈಲಿಯಿಲ್ಲದ ಗಣಕದಲ್ಲಿ ಅರ್ಥಹೀನ ಚಿಹ್ನೆಗಳ ರಾಶಿಯಾಗಿ ಕಾಣುತ್ತದೆ. ವರ್ಷಗಳ ಶ್ರಮ ಅಚ್ಚಿನ ಹೊತ್ತಿಗೆ ಕೈಕೊಡಬಹುದು. 1991ರಿಂದಲೇ ಕನ್ನಡಕ್ಕೆ ಸ್ಥಾನವಿತ್ತಿರುವ ಯೂನಿಕೋಡಿನಲ್ಲಿ ಬರೆದುದಾದರೋ ಕಾಸರಗೋಡಿನಲ್ಲಿಯೂ ಸೊಲ್ಲಾಪುರದಲ್ಲಿಯೂ ಕನ್ನಡವಾಗಿಯೇ ತೆರೆದುಕೊಳ್ಳುತ್ತದೆ.

ಮೊದಲ ಪುಟ ಬರೆಯುವ ಮುನ್ನವೇ ಈ ಮಾತನ್ನು ಮಕ್ಕಳ ಕಿವಿಗೆ ಹಾಕಬೇಕೆಂದು ಹಿರಿಯರಲ್ಲಿ ನಾವು ವಿನಂತಿಸುತ್ತೇವೆ.