ಬೆಕ್ಕಿಗೆ ರೆಕ್ಕೆ ಕೊಟ್ಟ ಅಜ್ಜಿ

ಮಕ್ಕಳೇ, ಬೆಕ್ಕಿಗೆ ರೆಕ್ಕೆ ಬಂದರೆ ಹೇಗಿರುತ್ತದೆ? ಅಮೆರಿಕದ ಲೇಖಕಿ ಉರ್ಸುಲಾ ಲೆ ಗ್ವಿನ್ 1988ರಲ್ಲಿ ಬರೆದ ‘ಕ್ಯಾಟ್‌ವಿಂಗ್ಸ್’ ಕಥೆಯಲ್ಲಿ ನಾಲ್ಕು ಮರಿಗಳು ರೆಕ್ಕೆಯ ಸಮೇತ ಹುಟ್ಟುತ್ತವೆ. ಕಸ ತುಂಬಿದ ಗಲ್ಲಿಯಿಂದ ಹಾರಿ ಕಾಡು ಸೇರುತ್ತವೆ. ರೆಕ್ಕೆಯಿಲ್ಲದ ತಾಯಿಬೆಕ್ಕು ಅವುಗಳನ್ನು ಕಳಿಸಿಕೊಟ್ಟು ತಾನು ಅಲ್ಲೇ ಉಳಿಯುತ್ತದೆ.

ಉರ್ಸುಲಾ ಹುಟ್ಟಿದ್ದು 1929ರಲ್ಲಿ, ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ. 11 ವರ್ಷದ ಹುಡುಗಿ ಕಥೆ ಬರೆದು ಪತ್ರಿಕೆಯೊಂದಕ್ಕೆ ಕಳಿಸಿದಳು. ಅದು ವಾಪಸ್ ಬಂತು. ದೊಡ್ಡವರಾದ ಮೇಲೂ ಅವರ ಕಾದಂಬರಿಗಳು ವರ್ಷಗಟ್ಟಲೆ ಹೀಗೆಯೇ ಮರಳಿ ಬಂದವು. ಪೋರ್ಟ್‌ಲೆಂಡ್ ನಗರದಲ್ಲಿ ಸಂಸಾರ. ಮೂವರು ಮಕ್ಕಳು ಮಲಗಿದ ಮೇಲೆ ಬರೆಯಲು ಕೂರುತ್ತಿದ್ದರು.

1968ರಲ್ಲಿ ‘ಎ ವಿಝರ್ಡ್ ಆಫ್ ಅರ್ಥ್‌ಸೀ’ ಬಂತು. ಮಾಂತ್ರಿಕರ ಶಾಲೆ ಸೇರಿದ ಹುಡುಗನೊಬ್ಬ ಜಂಬದಿಂದ ಕೆಟ್ಟ ನೆರಳೊಂದನ್ನು ಎಬ್ಬಿಸುತ್ತಾನೆ. ಕೊನೆಗೆ ಓಡುವುದನ್ನು ಬಿಟ್ಟು ತಾನೇ ಅದನ್ನು ಎದುರಿಸುತ್ತಾನೆ. ಹ್ಯಾರಿ ಪಾಟರ್ ಬಂದದ್ದು ಇದಾದ 29 ವರ್ಷಗಳ ಮೇಲೆ!

ಮುಪ್ಪಿನಲ್ಲಿ ಅವರ ಜೊತೆಗಾರ ಪಾರ್ಡ್, ಕಪ್ಪು-ಬಿಳಿ ಬೆಕ್ಕು. ಇಲಿ ಹಿಡಿಯುವುದರಲ್ಲಿ ಚುರುಕು, ಕೊಲ್ಲುವುದು ಮಾತ್ರ ಗೊತ್ತಿಲ್ಲ! ಅದರ ಚೇಷ್ಟೆಗಳ ಬಗ್ಗೆ ಅಜ್ಜಿ ಲೇಖನಗಳನ್ನೇ ಬರೆದರು. 2016ರಲ್ಲಿ ಪಾರ್ಡ್‌ನ ‘ಆತ್ಮಕಥೆ’ಯೂ ಬಂತು, ಬೆಕ್ಕೇ ಹೇಳಿದ ಹಾಗೆ.

2018ರಲ್ಲಿ, 88ನೇ ವಯಸ್ಸಿನಲ್ಲಿ ಉರ್ಸುಲಾ ತೀರಿಕೊಂಡರು. ಮೊದಲ ಕಥೆ ಮರಳಿ ಬಂದ ದಿನ ಆ ಹುಡುಗಿ ಪೆನ್ನು ಕೆಳಗಿಟ್ಟಿದ್ದರೆ ಆ ಮರಿಗಳು ಹಾರುತ್ತಲೇ ಇರಲಿಲ್ಲ. ಅಜ್ಜ-ಅಜ್ಜಿಯರೇ, ಮೊಮ್ಮಕ್ಕಳು ಗೀಚಿದ ಕಥೆಯನ್ನು ರದ್ದಿಗೆ ಹಾಕಬೇಡಿ. ಒಮ್ಮೆ ಓದಿಸಿ ಕೇಳಿ.