ಕಣ್ಣಿನ ಹಿಂದಣ ಗಡ್ಡೆ

ನಲವತ್ತೈದು ವರ್ಷದ ಗೃಹಿಣಿಯೊಬ್ಬಳನ್ನು ಕಲ್ಪಿಸಿಕೊಳ್ಳಿ. ಆಕೆಯ ಬಲಗಣ್ಣು ಎಡಗಣ್ಣಿಗಿಂತ ಕೊಂಚ ಮುಂದಕ್ಕೆ ಚಾಚಿದೆ. ನೋವಿಲ್ಲ, ಕೆಂಪಿಲ್ಲ. ಮನೆಯವರು ದೃಷ್ಟಿ ತಾಗಿರಬೇಕೆಂದು ನಿವಾಳಿಸಿ ಸುಮ್ಮನಾಗಿದ್ದಾರೆ. ಆದರೆ ನೋವಿಲ್ಲವೆಂದ ಮಾತ್ರಕ್ಕೆ ರೋಗವಿಲ್ಲವೆಂದು ಹೇಳಲಾಗದು. ಮಿದುಳಿನ ಹೊದಿಕೆಯಲ್ಲಿ ಹುಟ್ಟಿದ ಗಡ್ಡೆಯೊಂದು ಆ ಕಣ್ಣನ್ನು ಹಿಂದಿನಿಂದ ನೂಕುತ್ತಿರಬಹುದು.

ಇದು ಹೇಗೆ ಸಾಧ್ಯವೆಂದು ತಿಳಿಯಲು ಕಣ್ಣುಕುಳಿಯ ರಚನೆಯನ್ನು ಅರಿಯಬೇಕು. ಏಳು ಎಲುಬುಗಳು ಕೂಡಿ ಆದ ಈ ಗೂಡು ಮುಂದೆ ಅಗಲವಾಗಿದ್ದು, ಹಿಂದೆ ಹೋದಂತೆ ಆಲಿಕೆಯ ಹಾಗೆ ಕಿರಿದಾಗುತ್ತದೆ. ಅದರ ಮೇಲ್ಛಾವಣಿಯ ಆಚೆಗೆ ಮಿದುಳಿದೆ. ಕಣ್ಣು ಕಂಡುದನ್ನು ಮಿದುಳಿಗೆ ಮುಟ್ಟಿಸುವ ದೃಷ್ಟಿನರವು ಗೂಡಿನ ಹಿಂತುದಿಯ ಕಿರುದಾರಿಯಲ್ಲಿ ಹಾದುಹೋಗುತ್ತದೆ. ಎಲುಬಿನ ಗೋಡೆಗಳು ಹಿಗ್ಗಲಾರವು. ಆದ್ದರಿಂದ ಒಳಗೆ ಗಡ್ಡೆ ಬೆಳೆದರೆ ಕಣ್ಣುಗುಡ್ಡೆಯು ಮುಂದಕ್ಕೆ ಸರಿಯುತ್ತದೆ.

ಮಿದುಳಿನ ಪೊರೆಗಳಲ್ಲಿ ಹುಟ್ಟುವ ಇಂತಹ ಗಡ್ಡೆಗೆ ಮೆನಿಂಜಿಯೋಮ ಎಂದು ಹೆಸರು. ಕಣ್ಣುಕುಳಿಯ ಹಿಂಬದಿಯಲ್ಲಿರುವ ಸ್ಫೀನಾಯ್ಡ್ ಎಲುಬಿನ ರೆಕ್ಕೆಯಂತಹ ಭಾಗದಲ್ಲಿ ಇದು ಬೆಳೆದಾಗ ಎಲುಬು ದಪ್ಪವಾಗುತ್ತದೆ. ಗಡ್ಡೆ ಕುಳಿಯೊಳಕ್ಕೂ ಹಬ್ಬಬಹುದು. ಇದು ಪುರುಷರಿಗಿಂತ ಸ್ತ್ರೀಯರಲ್ಲಿ ಹೆಚ್ಚು. ಬಹುಪಾಲು ಕ್ಯಾನ್ಸರ್ ಅಲ್ಲದ ಈ ಗಡ್ಡೆ ವರ್ಷಗಟ್ಟಲೆ ನಿಧಾನವಾಗಿ ಬೆಳೆಯುತ್ತದೆ. ಆ ನಿಧಾನವೇ ನಮ್ಮನ್ನು ಮೋಸಗೊಳಿಸುತ್ತದೆ.

ದೃಷ್ಟಿನರವನ್ನು ಗಡ್ಡೆ ಅದುಮಿದಾಗ ಬಣ್ಣಗಳು ಮಾಸಿದಂತೆ ತೋರುತ್ತವೆ, ನೋಟ ಮಂಕಾಗುತ್ತದೆ. ಕಣ್ಣಿನ ಚಲನೆಗೆ ಅಡ್ಡಿಯಾದರೆ ಒಂದೇ ವಸ್ತು ಎರಡಾಗಿ ಕಾಣುತ್ತದೆ. ರೆಪ್ಪೆ ಊದಬಹುದು, ತಲೆನೋವೂ ಬರಬಹುದು. ಒಂದು ಕಣ್ಣಿನ ಕೊರತೆಯನ್ನು ಇನ್ನೊಂದು ಕಣ್ಣು ತುಂಬಿಕೊಡುವುದರಿಂದ ರೋಗಿಗೆ ತನ್ನ ನಷ್ಟವೇ ಬಹುಕಾಲ ತಿಳಿಯದಿರಬಹುದು.

ರೋಗವನ್ನು ಗುರುತಿಸುವ ಕಾರ್ಯ ಸರಳವಾದ ಪರೀಕ್ಷೆಗಳಿಂದ ಮೊದಲಾಗುತ್ತದೆ. ವೈದ್ಯರು ಹಳೆಯ ಭಾವಚಿತ್ರವನ್ನು ಇಂದಿನ ಮುಖದೊಡನೆ ಹೋಲಿಸುತ್ತಾರೆ. ಕಣ್ಣು ಎಷ್ಟು ಮಿಲಿಮೀಟರು ಮುಂದೆ ಬಂದಿದೆಯೆಂದು ಅಳೆಯುತ್ತಾರೆ. ಒಂದೊಂದೇ ಕಣ್ಣನ್ನು ಮುಚ್ಚಿಸಿ ಅಕ್ಷರಗಳನ್ನೂ ಬಣ್ಣಗಳನ್ನೂ ಗುರುತಿಸಲು ಹೇಳುತ್ತಾರೆ. ಬೆಳಕು ಬಿಟ್ಟಾಗ ಪಾಪೆ ಕುಗ್ಗುವ ಬಗೆಯನ್ನು ಗಮನಿಸುತ್ತಾರೆ. ಜರ್ಮನಿಯ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ 1851ರಲ್ಲಿ ಲೋಕಕ್ಕೆ ಪರಿಚಯಿಸಿದ ನೇತ್ರದರ್ಶಕದಿಂದ ದೃಷ್ಟಿನರದ ತುದಿ ಊದಿದೆಯೇ, ಬಿಳಿಚಿದೆಯೇ ಎಂದು ಪರಿಶೀಲಿಸುತ್ತಾರೆ. ಥೈರಾಯ್ಡ್ ಗ್ರಂಥಿಯ ರೋಗದಲ್ಲಿಯೂ ಕಣ್ಣು ಮುಂಚಾಚುವುದುಂಟು. ಅದಕ್ಕಾಗಿ ರಕ್ತಪರೀಕ್ಷೆ ನಡೆಯುತ್ತದೆ.

ಮುಂದಿನದು ಒಳನೋಟ. 1971ರಲ್ಲಿ ಲಂಡನ್ನಿನಲ್ಲಿ ಮೊದಲ ಬಾರಿಗೆ ರೋಗಿಯ ತಲೆಯನ್ನು ಚಿತ್ರಿಸಿದ ಸಿ.ಟಿ. ಸ್ಕ್ಯಾನ್ ಯಂತ್ರವು ಕ್ಷಕಿರಣಗಳ ನೆರವಿನಿಂದ ಎಲುಬು ದಪ್ಪವಾಗಿರುವುದನ್ನು ಸ್ಪಷ್ಟವಾಗಿ ತೋರಿಸುತ್ತದೆ. ಕಾಂತಶಕ್ತಿಯನ್ನು ಬಳಸುವ ಎಂ.ಆರ್.ಐ. ಯಂತ್ರವು ಗಡ್ಡೆಯ ಹರವನ್ನೂ ದೃಷ್ಟಿನರದ ಸ್ಥಿತಿಯನ್ನೂ ತಿಳಿಸುತ್ತದೆ. ಗಡ್ಡೆಯ ತುಣುಕನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದಾಗ ಅದರ ಜಾತಿ ನಿಶ್ಚಯವಾಗುತ್ತದೆ.

ಶಸ್ತ್ರಚಿಕಿತ್ಸೆಯಿಂದಲೂ ವಿಕಿರಣ ಚಿಕಿತ್ಸೆಯಿಂದಲೂ ಇಂತಹ ಗಡ್ಡೆಗಳನ್ನು ಹತೋಟಿಗೆ ತರಬಹುದು. ಆದರೆ ಬಹುಕಾಲ ಅದುಮಲ್ಪಟ್ಟು ಒಣಗಿದ ದೃಷ್ಟಿನರಕ್ಕೆ ಮರಳಿ ಜೀವ ತುಂಬುವುದು ಸಾಧ್ಯವಿಲ್ಲ. ಮನೆಯ ಹಿರಿಯರ ಮುಖದಲ್ಲಿ ಇಂತಹ ವ್ಯತ್ಯಾಸ ಕಂಡರೆ, ಅಂಜದೆ, ಅಲಕ್ಷಿಸದೆ, ಅವರನ್ನು ವೈದ್ಯರ ಬಳಿಗೆ ಕರೆದೊಯ್ಯಿರಿ. ಸಕಾಲದಲ್ಲಿ ಗಮನಿಸುವ ನಿಮ್ಮ ಕಣ್ಣು ಇನ್ನೊಬ್ಬರ ಕಣ್ಣನ್ನು ಉಳಿಸಬಲ್ಲುದು.